ಮಳೆ ಬರುವ ಮುಂಚೆ: ಯಂತ್ರ ಮೊದಲೋ, ಅಂಗಳ ಮೊದಲೋ?

(ಮೇ 1ರಂದು ಶ್ರಮಿಕ ಸಂತ ಜೋಸೆಫರ ಹಬ್ಬದ ದಿನ, ಉತ್ಪಾದನಾ ಘಟಕ ನಡೆಸುವ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಆಡಿದ ಮಾತುಗಳ ಬರಹ ರೂಪ)



ಈ ದಿನವನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಆಚರಿಸಬೇಕೆಂದು 12ನೇ ಪಿಯುಸ್ ಪೋಪರು 1955ರಲ್ಲಿ ಸಾರಿದರು. ಜೋಸೆಫರು ಬಡಗಿ. ಅವರಿಗೂ ಒಂದು ಕಾರ್ಯಾಗಾರ ಇತ್ತು. ಉಳಿ, ಗರಗಸ, ಸುತ್ತಿಗೆ ಇತ್ತು. ಉಳಿ ಮೊಂಡಾದರೆ ಮಸೆಯಬೇಕು, ಮಾಡು ಸೋರಿದರೆ ಸರಿ ಮಾಡಬೇಕು. ಇವೆಲ್ಲ ಅವರ ಮನೆಯಲ್ಲೂ ಇದ್ದಿರಬೇಕು, ಅಲ್ವಾ? ಆದ್ದರಿಂದ ರಿಪೇರಿಯ ಬಗ್ಗೆ ಮಾತಾಡಲು ಈ ಹಬ್ಬಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ ಎಂದು ನನಗೆ ಅನಿಸಿತು.

ಇಲ್ಲಿ ಹಾಳೆ ತಟ್ಟೆ ಮಾಡುವವರಿದ್ದೀರಿ, ಹಪ್ಪಳ ಮಾಡುವವರಿದ್ದೀರಿ, ಹಿಟ್ಟಿನ ಗಿರಣಿ ಇಟ್ಟವರಿದ್ದೀರಿ, ಹೊಲಿಗೆ ಘಟಕದವರೂ ಇದ್ದೀರಿ. ನಿಮಗೆಲ್ಲ ಮೇ ತಿಂಗಳು ಬಂತೆಂದರೆ ಒಂದೇ ತಲೆನೋವು. ಮದುವೆ ಗೃಹಪ್ರವೇಶಗಳ ಆರ್ಡರ್ ಒಂದು ಕಡೆ. ಮೆಷಿನ್ ರಿಪೇರಿ ಇನ್ನೊಂದು ಕಡೆ. ಅಂಗಳದ ಕೆಲಸ, ಮಾಡಿನ ಕೆಲಸ, ಚರಂಡಿ ಕೆಲಸ ಮತ್ತೊಂದು ಕಡೆ. ಕೈಯಲ್ಲಿ ಇರುವುದು ಮೂರು ವಾರ ಮತ್ತು ಸ್ವಲ್ಪ ದುಡ್ಡು. ಎಲ್ಲವನ್ನೂ ಮಾಡಲಿಕ್ಕೆ ಆಗುವುದಿಲ್ಲ. ಹಾಗಾದರೆ ಯಾವುದು ಮೊದಲು?

ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ತುಳುನಾಡಿನಲ್ಲಿ ಪತ್ತನಾಜೆ ಎಂದು ಹೇಳುತ್ತಾರೆ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಸುಮಾರು ಮೇ 24. ಅಂದಿಗೆ ಕೋಲ, ನೇಮ, ಯಕ್ಷಗಾನ ಎಲ್ಲ ಮುಗಿಯಬೇಕು. ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅದರೊಳಗೆ ಮನೆಯವರು ಸೌದೆ ಒಟ್ಟಬೇಕು, ಮಾಡಿಗೆ ಹುಲ್ಲು ಹೊದೆಸಬೇಕು, ಗೋಡೆಗೆ ಮಡಲು ಕಟ್ಟಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು, ಒಣಮೀನು ಕಟ್ಟಿಡಬೇಕು. ಜೂನ್ ಮೊದಲ ವಾರ ಮಳೆ ಎಂದು ನಾವು ಶಾಲೆಯಲ್ಲಿ ಕಲಿತೆವು. ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು, ಎರಡು ಮೂರು ದಿನದಲ್ಲಿ ನಮ್ಮ ಕರಾವಳಿಯನ್ನೂ ನೆನೆಸಿತು. ಜೂನ್ ನಂಬಿ ಕೂತವರು ಒದ್ದೆಯಾದರು. ಪತ್ತನಾಜೆ ನಂಬಿದವರು ಬಚಾವಾದರು.

ಹಾಗಾಗಿ ನಮ್ಮ ಗಡುವು ಪತ್ತನಾಜೆ. ಇವತ್ತಿನಿಂದ ಮೂರು ವಾರ.

ನಾನು ಮಾಡಿದ ತಪ್ಪು

ಬೇರೆಯವರ ತಪ್ಪು ಹೇಳುವ ಮೊದಲು ನನ್ನ ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ನಾನು ಮಾರ್ಗದರ್ಶನ ಮಾಡುತ್ತಿದ್ದ ಒಂದು ಸಂಘದಲ್ಲಿ ಹತ್ತು ಮಂದಿ ಸೇರಿ ಹಾಳೆ ತಟ್ಟೆ ಘಟಕ ನಡೆಸುತ್ತಿದ್ದರು. ಶೀಟು ಹಾಕಿದ ಶೆಡ್ಡು, ಎರಡು ಹೈಡ್ರಾಲಿಕ್ ಪ್ರೆಸ್. ಎದುರಿಗೆ ಕೆಂಪು ಮಣ್ಣಿನ ಅಂಗಳ. ಉಳಿತಾಯದಲ್ಲಿ ರಿಪೇರಿಗೆಂದು 22,000 ರೂಪಾಯಿ ಇತ್ತು.

ಏಪ್ರಿಲ್ ಕೊನೆಯ ಸಭೆಯಲ್ಲಿ ದೊಡ್ಡ ಚರ್ಚೆ. ಪ್ರೆಸ್ಸಿನಲ್ಲಿ ಕೂರುವವರು, "ಮೆಷಿನ್ ಮುಟ್ಟಿದರೆ ಕೆಲವೊಮ್ಮೆ ಚುರ್ ಎನ್ನುತ್ತದೆ, ಅರ್ತಿಂಗ್ ಸರಿ ಮಾಡಿಸಿ" ಎಂದರು. ಹಾಳೆ ತೊಳೆದು ಒಣಗಿಸುವವರು, "ಅಂಗಳದಲ್ಲಿ ಕೆಸರು, ಚರಂಡಿ ಇಲ್ಲ, ಹಾಳೆ ಇಡಲು ಜಾಗ ಇಲ್ಲ" ಎಂದರು. ಎಲೆಕ್ಟ್ರಿಷಿಯನ್ ನೋಡಿ, ಅರ್ತಿಂಗ್ ಮತ್ತು ಇ.ಎಲ್.ಸಿ.ಬಿ. ಸೇರಿ 7,000 ಆಗುತ್ತದೆ ಎಂದು ಹೇಳಿದ್ದ.

ಆಗ ನಾನು ಬಾಯಿ ಹಾಕಿದೆ. ಜೂನ್‌ನಲ್ಲಿ ಘಟಕದ ವಾರ್ಷಿಕೋತ್ಸವ ಇತ್ತು. ಅತಿಥಿಗಳು ಬರುವವರಿದ್ದರು. ಕೆಸರು ತುಳಿದುಕೊಂಡು ಅವರು ಬರುವುದು ನನಗೆ ನಾಚಿಕೆ ಎನಿಸಿತು. "ಮೊದಲು ಎದುರಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕುವ. ಕೆಸರಿನ ತೊಂದರೆಯೂ ಹೋಗುತ್ತದೆ. ಅರ್ತಿಂಗ್ ಆಗಸ್ಟ್‌ನಲ್ಲಿ ಮಾಡಿಸುವ" ಎಂದೆ. ಸಿಸ್ಟರ್ ಹೇಳಿದ ಮೇಲೆ ಯಾರೂ ಬೇಡ ಎನ್ನಲಿಲ್ಲ. ನಿರ್ಣಯ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂದು ಬರೆದೂ ಆಯಿತು.

16,000 ರೂಪಾಯಿ ಅಂಗಳಕ್ಕೆ ಹೋಯಿತು. ಉಳಿದ 6,000ದಲ್ಲಿ ಒಂದು ಮೆಷಿನಿನ ಎಣ್ಣೆ ಬದಲಿಸಿದೆವು, ಸ್ವಲ್ಪ ಪೈಂಟ್ ಕೊಟ್ಟೆವು. ಅಂಗಳ ನೋಡಲು ಬಹಳ ಚೆಂದ ಆಯಿತು. ಆದರೆ ಒಂದು ವಿಷಯ ಯಾರೂ ಯೋಚಿಸಲಿಲ್ಲ. ಮರಳು, ಕಲ್ಲು ಸೇರಿ ಅಂಗಳ ಸುಮಾರು ನಾಲ್ಕು ಇಂಚು ಎತ್ತರ ಆಗಿತ್ತು. ಮೊದಲು ಮಳೆ ನೀರು ರಸ್ತೆಯ ಕಡೆಗೆ ಹರಿಯುತ್ತಿತ್ತು. ಈಗ ಶೆಡ್ಡಿನ ಬಾಗಿಲಿನ ಕಡೆಗೆ ತಿರುಗಿತು.

ಮೊದಲ ಜೋರು ಮಳೆಯ ಬೆಳಗ್ಗೆ ಶೆಡ್ಡಿನ ನೆಲ ಒದ್ದೆ. ಆರ್ಡರ್ ಇತ್ತು, ಕೆಲಸ ನಿಲ್ಲಿಸಲಿಲ್ಲ. ಒಬ್ಬ ಅಕ್ಕ ಬರಿಗಾಲಲ್ಲಿ ನೀರಿನಲ್ಲಿ ನಿಂತು ಮೆಷಿನ್ ಹಿಡಿದರು. ಕರೆಂಟ್ ಹೊಡೆಯಿತು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಬಾಗಿಲ ಬಳಿ ಇದ್ದವಳು ಬೊಬ್ಬೆ ಹೊಡೆಯುವ ಬದಲು ಓಡಿ ಮೈನ್ ಸ್ವಿಚ್ ಆಫ್ ಮಾಡಿದಳು. ಆ ಬುದ್ಧಿ ದೇವರೇ ಕೊಟ್ಟದ್ದು. ಅಕ್ಕನ ಜೀವ ಉಳಿಯಿತು. ಆದರೆ ಬೀಳುವಾಗ ಬಲಗೈ ಬಿಸಿ ಅಚ್ಚಿಗೆ ತಾಗಿ ಸುಟ್ಟಿತು. ಆರು ವಾರ ಕೆಲಸ ಇಲ್ಲ. ಅದೂ ಜೂನ್ ತಿಂಗಳು, ಮಕ್ಕಳ ಶಾಲೆ ಶುರುವಾಗುವ ತಿಂಗಳು. ಒಂದು ಮೆಷಿನಿನ ಮೋಟಾರು ಸುಟ್ಟುಹೋಯಿತು. ಘಟಕ 19 ದಿನ ಬಂದ್. ದಿನಕ್ಕೆ ಎರಡು ಮೆಷಿನಿನಿಂದ 1,200 ತಟ್ಟೆಯ ಲೆಕ್ಕ ಹಾಕಿದರೆ 22,800 ತಟ್ಟೆ ನಷ್ಟ.

ನಾನು ಆಸ್ಪತ್ರೆಗೆ ನೋಡಲು ಹೋದೆ. ಏನು ಹೇಳುವುದೆಂದು ಗೊತ್ತಾಗಲಿಲ್ಲ. ಆ ಅಕ್ಕನೇ ಮಾತಾಡಿದರು. "ಸಿಸ್ಟರ್, ಅಂಗಳ ಚೆಂದ ಉಂಟು. ಆದರೆ ನಾನು ಕೆಲಸ ಮಾಡುವುದು ಒಳಗೆ."

ಸಿಟ್ಟಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ಇವತ್ತಿಗೂ ನನ್ನೊಳಗೆ ಉಂಟು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು ನಾನು. ಜನರ ಭಾಗವಹಿಸುವಿಕೆಯ ಬಗ್ಗೆ ಎಷ್ಟೋ ತರಬೇತಿ ಕೊಟ್ಟಿದ್ದೇನೆ. ಆದರೆ ಆ ದಿನ ನಾನು ಅತಿಥಿ ನಿಲ್ಲುವ ಜಾಗದಿಂದ ಘಟಕವನ್ನು ನೋಡಿದೆ. ಕೆಲಸದವಳು ನಿಲ್ಲುವ ಜಾಗದಿಂದ ನೋಡಲಿಲ್ಲ.

ಜೀವ, ಅನ್ನ, ಚೆಂದ

ಮರುವರ್ಷ ನಾವು ಬೇರೆ ರೀತಿ ಮಾಡಿದೆವು. ಸಭೆ ಶೆಡ್ಡಿನೊಳಗೇ ಇಟ್ಟೆವು. ಮೊದಲು ಮೆಷಿನಿನಲ್ಲಿ ಕೂರುವವರು ಮಾತಾಡಬೇಕು, ಆಮೇಲೆ ಹಾಳೆ ತೊಳೆಯುವವರು, ಆಮೇಲೆ ಲೆಕ್ಕ ಬರೆಯುವವರು. ಸಿಸ್ಟರ್ ಕಟ್ಟಕಡೆಗೆ. ಹನ್ನೆರಡು ಕೆಲಸಗಳ ಪಟ್ಟಿ ಆಯಿತು. ಅದನ್ನು ಮೂರು ಸಾಲು ಮಾಡಿದೆವು.

ಮೊದಲನೇ ಸಾಲು, ಜೀವದ ಕೆಲಸ. ಮಾಡದಿದ್ದರೆ ಯಾರಿಗಾದರೂ ಪೆಟ್ಟಾಗುತ್ತದೆ. ಅರ್ತಿಂಗ್, ಇ.ಎಲ್.ಸಿ.ಬಿ., ಬಿರುಕು ಬಿಟ್ಟ ಹೈಡ್ರಾಲಿಕ್ ಪೈಪು, ಮಾಡಿನ ಮೇಲೆ ಬಾಗಿದ್ದ ಒಣ ಗೆಲ್ಲು. ಹೀಗೆ ನಾಲ್ಕು.

ಎರಡನೇ ಸಾಲು, ಅನ್ನದ ಕೆಲಸ. ಮಾಡದಿದ್ದರೆ ಕೆಲಸ ನಿಲ್ಲುತ್ತದೆ ಅಥವಾ ಸಾಮಾನು ಹಾಳಾಗುತ್ತದೆ. ಎರಡನೇ ಮೆಷಿನಿನ ಹೀಟರು, ಎಣ್ಣೆ ಬದಲಾವಣೆ, ಸೋರುವ ಶೀಟು, ಚರಂಡಿ, ಹಾಳೆ ಇಡಲು ಅಟ್ಟಳಿಗೆ. ಹೀಗೆ ಐದು.

ಮೂರನೇ ಸಾಲು, ಚೆಂದದ ಕೆಲಸ. ಗೋಡೆಗೆ ಸುಣ್ಣಬಣ್ಣ, ಬೋರ್ಡು, ಹೂವಿನ ಕಟ್ಟೆ. ಹೀಗೆ ಮೂರು.

ಚೆಂದ ಬೇಡ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಎಂಟು ಗಂಟೆ ಕಳೆಯುವ ಜಾಗ ಚೆಂದ ಇರಬೇಕು. ನಿಮಗೂ ಒಂದು ದಾಸವಾಳದ ಗಿಡ ನೋಡುವ ಹಕ್ಕಿದೆ. ಆದರೆ ಮೂರನೇ ಸಾಲಿನ ದುಡ್ಡು ಮೊದಲ ಸಾಲಿನಿಂದ ಬರಬಾರದು, ಇಷ್ಟೇ. ಜೀವದ ಸಾಲಿನಲ್ಲಿ ಒಂದೇ ಒಂದು ಕೆಲಸ ಬಾಕಿ ಇದ್ದರೂ ಚೆಂದದ ಸಾಲಿಗೆ ಒಂದು ರೂಪಾಯಿ ಹೋಗಕೂಡದು.

ಇನ್ನೊಂದು ವಿಷಯ ಗಮನಿಸಿ. ಈ ಪಟ್ಟಿಯಲ್ಲಿ ಯಂತ್ರ ಒಂದು ಕಡೆ, ಅಂಗಳ ಇನ್ನೊಂದು ಕಡೆ ಎಂದು ಇಲ್ಲ. ಗೆಲ್ಲು ಹೊರಗಿನದು, ಅದು ಜೀವದ ಕೆಲಸ. ಚರಂಡಿ ಅಂಗಳದ್ದು, ಅದು ಅನ್ನದ ಕೆಲಸ. ನಮ್ಮ ಅಂಗಳದ ನಾಲ್ಕು ಇಂಚು ಮೋಟಾರನ್ನು ಸುಟ್ಟಿತು ಎಂದು ಹೇಳಿದೆನಲ್ಲ. ಹಾಗಾಗಿ 'ಯಂತ್ರವೋ ಅಂಗಳವೋ' ಎಂದು ಜಗಳ ಮಾಡಬೇಡಿ. 'ಇದನ್ನು ಬಿಟ್ಟರೆ ಯಾರಿಗೆ ಏನಾಗುತ್ತದೆ' ಎಂದು ಕೇಳಿ.

ಮೂರು ವಾರದ ಸರದಿ

ಈಗ ಕೆಲಸ ಹೊಂದಿಸುವುದು ಹೇಗೆ? ಮೇ ತಿಂಗಳಲ್ಲಿ ಎಲೆಕ್ಟ್ರಿಷಿಯನ್ ಸಿಗುವುದು ಕಷ್ಟ, ಮೆಕ್ಯಾನಿಕ್ ಸಿಗುವುದು ಇನ್ನೂ ಕಷ್ಟ. ಎಲ್ಲರೂ ಅವರನ್ನೇ ಕರೆಯುತ್ತಾರೆ. ಬಿಡಿಭಾಗಕ್ಕೆ ಹೇಳಿದರೆ ವಾರ ಕಾಯಬೇಕು. ಆದ್ದರಿಂದ ಬೇರೆಯವರಿಗಾಗಿ ಕಾಯಬೇಕಾದ ಕೆಲಸಕ್ಕೆ ಮೊದಲು ಫೋನ್ ಮಾಡಿ. ಕಾಯುವ ದಿನಗಳಲ್ಲಿ ನಮ್ಮ ಕೈಯಿಂದ ಆಗುವ ಅಂಗಳದ ಕೆಲಸ ಮಾಡಿ. ಇದೇ ಗುಟ್ಟು.

ಮೊದಲನೇ ವಾರ: ಎಲೆಕ್ಟ್ರಿಷಿಯನ್‌ಗೆ ದಿನ ನಿಗದಿ ಮಾಡಿ. ಹೀಟರು, ಪೈಪು, ಸೀಲು ಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಆರ್ಡರ್ ಕೊಡಿ. ಬಾಯಲ್ಲಿ ಅಳತೆ ಹೇಳಿದರೆ ತಪ್ಪು ಭಾಗ ಬರುತ್ತದೆ. ಅದೇ ವಾರ ಮಾಡು ಹತ್ತಿಸಿ ಶೀಟು ನೋಡಿಸಿ. ಮಾಡಿನ ಕೆಲಸಕ್ಕೆ ಬಿಸಿಲು ಬೇಕು. ಒದ್ದೆ ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಹಳೆಯ ಸಿಮೆಂಟ್ ಶೀಟು ಒಣಗಿದ್ದರೂ ಭಾರಕ್ಕೆ ಒಡೆಯುತ್ತದೆ. ಹಲಗೆ ಅಡ್ಡ ಇಟ್ಟೇ ನಡೆಯಬೇಕು.

ಎರಡನೇ ವಾರ: ಶ್ರಮದಾನ. ಚರಂಡಿ, ಅಂಗಳದ ಇಳಿಜಾರು, ಅಟ್ಟಳಿಗೆ. ಬೆಳಗ್ಗೆ ಆರೂವರೆಯಿಂದ ಎಂಟೂವರೆ ತನಕ ಎರಡು ಗಂಟೆ ಸಾಕು. ಆಮೇಲೆ ಎಂದಿನಂತೆ ತಟ್ಟೆ ಒತ್ತುವ ಕೆಲಸ.

ಮೂರನೇ ವಾರ: ಬಿಡಿಭಾಗ ಬಂದಿರುತ್ತದೆ. ಮೆಷಿನ್ ರಿಪೇರಿ ಒಂದೊಂದಾಗಿ ಮಾಡಿಸಿ. ಎರಡನ್ನೂ ಒಮ್ಮೆಲೇ ಬಿಚ್ಚಬೇಡಿ. ಒಂದು ಬಿಚ್ಚಿದಾಗ ಇನ್ನೊಂದು ಓಡುತ್ತಿರಲಿ. ಆರ್ಡರೂ ನಡೆಯುತ್ತದೆ, ಕೂಲಿಯೂ ಬರುತ್ತದೆ. ಆದರೆ ಒಂದು ಮಾತು: ಮುಟ್ಟಿದರೆ ಚುರ್ ಎನ್ನುವ ಮೆಷಿನನ್ನು ಮೂರನೇ ವಾರ ತನಕ ಓಡಿಸಬೇಡಿ. ಇವತ್ತೇ ನಿಲ್ಲಿಸಿ. ಅದು ಆರ್ಡರಿಗಿಂತ ದೊಡ್ಡದು.

ಕರೆಂಟಿನ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋರ್ಡಿನಲ್ಲಿ ಎಂ.ಸಿ.ಬಿ. ಇದೆ, ನಮಗೆ ಭಯ ಇಲ್ಲ ಎಂದು ಹಲವರು ಹೇಳುತ್ತಾರೆ. ಎಂ.ಸಿ.ಬಿ. ಕಾಯುವುದು ವಯರನ್ನು. ಕರೆಂಟು ಅತಿಯಾಗಿ ಹರಿದು ವಯರು ಸುಡದ ಹಾಗೆ ನೋಡಿಕೊಳ್ಳುತ್ತದೆ. ಮನುಷ್ಯರನ್ನು ಕೊಲ್ಲಲು ಅಷ್ಟು ಕರೆಂಟು ಬೇಡ. ಮನುಷ್ಯರನ್ನು ಕಾಯುವುದು ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎನ್ನುವ ಸ್ವಿಚ್ಚು. ಹೋದ ಕರೆಂಟಿಗೂ ತಿರುಗಿ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಲೈನ್ ಕಡಿಯುತ್ತದೆ. ಕೊಳ್ಳುವಾಗ '30 ಮಿಲಿ ಆಂಪಿಯರಿನದ್ದು' ಎಂದು ಕೇಳಿ ಕೊಳ್ಳಿ. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ. ತಿಂಗಳ ಸಭೆಯ ದಿನ ಅದನ್ನು ಒತ್ತಿ ನೋಡಿ. ಲೈನ್ ಹೋಗಬೇಕು. ಹೋಗದಿದ್ದರೆ ಅದು ಸತ್ತಿದೆ, ಬದಲಿಸಿ.

ಅರ್ತಿಂಗ್ ಇದ್ದರೆ ಮೆಷಿನಿನ ಮೈಗೆ ಬಂದ ಕರೆಂಟು ನಿಮ್ಮ ಮೈ ಹುಡುಕುವುದಿಲ್ಲ, ಭೂಮಿಗೆ ಹೋಗುತ್ತದೆ. ಹಸಿರು ವಯರು ಬಿಗಿಯಾಗಿದೆಯಾ, ತುಕ್ಕು ಹಿಡಿದಿದೆಯಾ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನು ಮುರಿದು ಎರಡು ಪಿನ್ನಿನಲ್ಲಿ ಓಡಿಸುವುದು ಬೇಡವೇ ಬೇಡ. ಈ ಕೆಲಸ ಎಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು. ಪರಿಚಯದ ಹುಡುಗ ಬಂದು ಟೇಪ್ ಸುತ್ತಿ ಹೋಗುವುದು ರಿಪೇರಿ ಅಲ್ಲ. ಕಂಬದಿಂದ ಬರುವ ಲೈನಿಗೆ ಗೆಲ್ಲು ತಾಗುತ್ತಿದ್ದರೆ ನೀವು ಕತ್ತಿ ಹಿಡಿಯಬೇಡಿ. 1912ಕ್ಕೆ ಫೋನ್ ಮಾಡಿ. ಸಿಡಿಲು ಗುಡುಗು ಶುರುವಾದರೆ ಪ್ಲಗ್ ಕಿತ್ತು ಬಿಡಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಸಿಡಿಲು ಜಾಸ್ತಿ.

ಯಾರಿಗಾದರೂ ಶಾಕ್ ಹೊಡೆದರೆ? ಅವರನ್ನು ಮುಟ್ಟಬೇಡಿ. ಮೈನ್ ಆಫ್ ಮಾಡಿ. ಮೈನ್ ಎಲ್ಲಿದೆ ಎಂದು ಪ್ರತಿಯೊಬ್ಬಳಿಗೂ ಗೊತ್ತಿರಬೇಕು. ಅದರ ಎದುರು ಗೋಣಿ ರಾಶಿ ಇಡಬೇಡಿ. ಮೈನ್ ಸಿಗದಿದ್ದರೆ ಒಣಗಿದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ, ಒಣ ನೆಲದಲ್ಲಿ ನಿಂತು, ದೂರ ತಳ್ಳಿ. 108ಕ್ಕೆ ಫೋನ್ ಮಾಡಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು 20 ನಿಮಿಷ ಬಿಡಿ. ಪೇಸ್ಟು, ಶಾಯಿ, ತುಪ್ಪ ಹಚ್ಚಬೇಡಿ. ಕರೆಂಟಿನ ಗಾಯ ಹೊರಗೆ ಸಣ್ಣದು ಕಂಡರೂ ಒಳಗೆ ದೊಡ್ಡದಿರಬಹುದು. ಆಸ್ಪತ್ರೆಗೆ ಹೋಗಲೇಬೇಕು.

ಪ್ರೆಸ್ಸಿನ ವಿಷಯ

ಹೈಡ್ರಾಲಿಕ್ ಎಣ್ಣೆ ಹಾಲಿನ ಹಾಗೆ ಬೆಳ್ಳಗೆ ಕಂಡರೆ ಅದಕ್ಕೆ ನೀರು ಸೇರಿದೆ ಎಂದು ಅರ್ಥ. ಮಳೆಗಾಲದಲ್ಲಿ ಇದು ಜಾಸ್ತಿ. ಪಂಪು ಹಾಳಾಗುವ ಮೊದಲು ಬದಲಿಸಿ. ಪೈಪು ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಎಣ್ಣೆ ಎಲ್ಲಿಂದ ಸೋರುತ್ತದೆ ಎಂದು ಬೆರಳಿಟ್ಟು ಹುಡುಕಬೇಡಿ. ಒತ್ತಡದಲ್ಲಿ ಹೊರಬರುವ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ಒಬ್ಬಳು ಹಾಳೆ ಇಡುವುದು, ಇನ್ನೊಬ್ಬಳು ಪೆಡಲ್ ಒತ್ತುವುದು ಎಂಬ ಅಭ್ಯಾಸ ಕೆಲವು ಕಡೆ ಉಂಟು. ಬೇಗ ಆಗುತ್ತದೆ ಎನ್ನುತ್ತಾರೆ. ಬೇಗ ಕೈಯೂ ಹೋಗುತ್ತದೆ. ಹಾಳೆ ಇಟ್ಟವಳೇ ಒತ್ತಬೇಕು.

ತಟ್ಟೆ ಒಂದು ಬದಿ ಕಪ್ಪಾಗಿ ಇನ್ನೊಂದು ಬದಿ ಹಸಿಯಾಗಿ ಬರುತ್ತಿದ್ದರೆ ಹಾಳೆಯನ್ನೇ ಬೈಯಬೇಡಿ. ಹೀಟರು ಒಂದು ಕಡೆ ಹೋಗಿರಬಹುದು, ಅಥವಾ ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟ್ ಕೆಟ್ಟಿರಬಹುದು. ಈ ದೋಷದಿಂದ ದಿನಕ್ಕೆ ಎಷ್ಟು ತಟ್ಟೆ ಹಾಳಾಗುತ್ತದೆ ಎಂದು ಒಂದು ವಾರ ಬರೆದಿಡಿ. ಹೊಸ ಹೀಟರಿನ ಬೆಲೆ ಆಗ ದುಬಾರಿ ಎನಿಸುವುದಿಲ್ಲ.

ನೀರು ಎಲ್ಲಿಗೆ ಹೋಗುತ್ತದೆ?

ಈಗ ಅಂಗಳಕ್ಕೆ ಬರುವ. ಒಂದು ಸಣ್ಣ ಲೆಕ್ಕ. ನಿಮ್ಮ ಶೆಡ್ಡಿನ ಮಾಡು 1,000 ಚದರ ಅಡಿ ಎಂದು ಇಟ್ಟುಕೊಳ್ಳಿ. ಒಂದು ದಿನದಲ್ಲಿ 10 ಸೆಂಟಿಮೀಟರ್ ಮಳೆ ಬಿದ್ದರೆ ಆ ಮಾಡಿನಿಂದ ಮಾತ್ರ ಸುಮಾರು 9,300 ಲೀಟರು ನೀರು ಇಳಿಯುತ್ತದೆ. ಅಂದರೆ 1,000 ಲೀಟರಿನ ಒಂಬತ್ತು ಟ್ಯಾಂಕಿಗಿಂತ ಜಾಸ್ತಿ. ನಮ್ಮ ಕರಾವಳಿಯಲ್ಲಿ ಅಂಥ ದಿನ ಒಂದೆರಡು ಅಲ್ಲ. ಈ ನೀರಿಗೆ ದಾರಿ ನಾವು ಮಾಡಿಕೊಡದಿದ್ದರೆ ಅದೇ ದಾರಿ ಮಾಡಿಕೊಳ್ಳುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸಕ್ಕೆ ದುಡ್ಡೇ ಬೇಡ. ಈ ತಿಂಗಳು ಒಂದು ಸಂಜೆ ಮಳೆ ಬಂದೇ ಬರುತ್ತದೆ. ಸಿಡಿಲು ನಿಂತ ಮೇಲೆ ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ನೋಡಿ. ಮರುದಿನ ಅಲ್ಲಿ ಕಡ್ಡಿ ಊರಿ ಗುರುತು ಮಾಡಿ. ಚರಂಡಿ ಅಲ್ಲಿ ತೋಡಿ.

ಅಂಗಳ ಶೆಡ್ಡಿನಿಂದ ಹೊರಕ್ಕೆ ಇಳಿಯಬೇಕು. ಎಂಟು ಅಡಿಗೆ ಒಂದು ಇಂಚು ಇಳಿಜಾರು ಇದ್ದರೆ ಸಾಕು. ನೇರವಾದ ಹಲಗೆ ಇಟ್ಟು, ಒಂದು ಪಾರದರ್ಶಕ ನೀರಿನ ಪೈಪು ಹಿಡಿದು ನೀವೇ ಅಳೆಯಬಹುದು. ಬಾಗಿಲಲ್ಲಿ ಎರಡು ಮೂರು ಇಂಚಿನ ಹೊಸ್ತಿಲು ಕಟ್ಟಿ. ಮೆಷಿನ್ ನಿಲ್ಲುವ ಜಾಗ ನೆಲಕ್ಕಿಂತ ಎತ್ತರ ಇರಲಿ. ಕಾಲ ಕೆಳಗೆ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್ ಇರಲಿ. ಪಾಚಿ ಕಟ್ಟುವ ಜಾಗವನ್ನು ಈಗಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಜುಲೈಯಲ್ಲಿ ಜಾರಿ ಬಿದ್ದ ಮೇಲೆ ಉಜ್ಜಿ ಏನು ಪ್ರಯೋಜನ?

ಹಾಳೆ ನೆನೆಸುವ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜಿ. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಖಾಲಿ ಡಬ್ಬ, ಟಯರು, ಗೆರಟೆ, ಮಡಚಿಟ್ಟ ಟಾರ್ಪಾಲಿನ ಗುಂಡಿ, ಇವುಗಳಲ್ಲೂ ನೀರು ನಿಲ್ಲುತ್ತದೆ. ಡೆಂಗಿ ಬಂದರೆ ಮೆಷಿನ್ ಸರಿ ಇದ್ದರೂ ಒತ್ತುವವಳು ಇರುವುದಿಲ್ಲ.

ಇನ್ನು ಹಾಳೆ ಇಡುವ ವಿಷಯ. ಹಾಳೆ ಬೀಳುವುದು ಬೇಸಗೆಯಲ್ಲಿ. ಮಳೆಗಾಲಕ್ಕೆ ಬೇಕಾದ್ದನ್ನು ಈಗಲೇ ಒಣಗಿಸಿ ಇಡಬೇಕು. ಜುಲೈಯಲ್ಲಿ ಬೂಸ್ಟು ಹಿಡಿಯುವ ಹಾಳೆ ಹೆಚ್ಚಾಗಿ ಮೇಯಲ್ಲಿ ಅರೆ ಒಣಗಿಸಿ ಕಟ್ಟಿದ್ದು. ಪೂರ್ತಿ ಒಣಗಿದ ಮೇಲೇ ಕಟ್ಟು ಕಟ್ಟಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಗೋಡೆಗೆ ತಾಗದಂತೆ, ಗಾಳಿ ಆಡುವಂತೆ ಇಡಿ. ಅಡಿಕೆ ಮರದ ಸಲಾಕೆಯಲ್ಲಿ ಅಟ್ಟಳಿಗೆ ಕಟ್ಟಲು ದೊಡ್ಡ ಖರ್ಚಿಲ್ಲ. ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ತಟ್ಟೆಗಳನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದ ಮೇಲೆ ಹಾಳೆ ತಟ್ಟೆ ಕೇಳುವವರು ಇದ್ದಾರೆ. ಬೂಸ್ಟು ಬಂದ ತಟ್ಟೆ ಒಮ್ಮೆ ಕೊಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ದುಡ್ಡು ಎಲ್ಲಿಂದ?

"ಇದೆಲ್ಲ ಸರಿ ಸಿಸ್ಟರ್, ದುಡ್ಡಿಗೆ ಎಂತ ಮಾಡುವುದು?" ಎಂದು ನೀವು ಕೇಳುತ್ತೀರಿ. ಒಂದು ತಟ್ಟೆಗೆ 10 ಪೈಸೆ ರಿಪೇರಿ ನಿಧಿಗೆ ತೆಗೆದಿಡಿ. ಒಂದು ಮೆಷಿನಿನಲ್ಲಿ ದಿನಕ್ಕೆ 600 ತಟ್ಟೆಯಾದರೆ 60 ರೂಪಾಯಿ. ತಿಂಗಳಿಗೆ 25 ದಿನ ಕೆಲಸ ಎಂದರೆ 1,500. ಎಂಟು ತಿಂಗಳಿಗೆ 12,000. ಪ್ರತಿ ಸದಸ್ಯೆಯ ಕಿಸೆಯಿಂದ ಮೇ ತಿಂಗಳಲ್ಲಿ ಒಮ್ಮೆಲೇ ಕೇಳಿದರೆ ಯಾರ ಹತ್ತಿರವೂ ಇರುವುದಿಲ್ಲ. ಹತ್ತು ಪೈಸೆ ಯಾರಿಗೂ ಭಾರ ಅಲ್ಲ. ಈ ಹಣವನ್ನು ಸಾಲ ಕೊಡಬೇಡಿ, ಲಾಭದಲ್ಲಿ ಹಂಚಬೇಡಿ. ಮೆಷಿನ್ ಸವೆಯುವಾಗ ತಾನೇ ತನ್ನ ಮದ್ದಿಗೆ ಕೂಡಿಟ್ಟ ದುಡ್ಡು ಅದು.

ಬ್ಯಾಂಕ್ ಸಾಲ ತೆಗೆಯುವುದಾದರೆ ಜೀವದ ಸಾಲಿಗೂ ಅನ್ನದ ಸಾಲಿಗೂ ತೆಗೆಯಿರಿ. ಚೆಂದಕ್ಕೆ ಸಾಲ ಬೇಡ.

ಮತ್ತೊಂದು ಮಾತು, ನನಗೆ ಬಹಳ ಮುಖ್ಯ. ಚರಂಡಿ ತೋಡಿದ, ಮಣ್ಣು ಹೊತ್ತ ಗಂಟೆಗಳನ್ನೂ ಪುಸ್ತಕದಲ್ಲಿ ಬರೆಯಿರಿ. ಎಲೆಕ್ಟ್ರಿಷಿಯನ್ ಎರಡು ಗಂಟೆ ಕೆಲಸ ಮಾಡಿದರೆ ವೋಚರ್ ಇರುತ್ತದೆ. ಹತ್ತು ಹೆಂಗಸರು ಆರು ದಿನ, ದಿನಕ್ಕೆ ಎರಡು ಗಂಟೆ ಅಂಗಳ ಅಗೆದರೆ ಏನೂ ಇರುವುದಿಲ್ಲ. ಅದು 120 ಗಂಟೆ. ಎಂಟು ಗಂಟೆಯ ಲೆಕ್ಕದಲ್ಲಿ 15 ಆಳಿನ ಕೂಲಿ. ಅದು ನೀವು ಘಟಕಕ್ಕೆ ಹಾಕಿದ ಬಂಡವಾಳ. ಬರೆಯದಿದ್ದರೆ, "ಹೆಂಗಸರು ಏನೋ ಗುಡಿಸಿದರು" ಎಂದಾಗುತ್ತದೆ. ಹುಷಾರಿಲ್ಲದವರು, ಗರ್ಭಿಣಿಯರು, ವಯಸ್ಸಾದವರು ಮಣ್ಣು ಹೊರಬೇಡಿ. ಅವರು ಹಾಳೆ ಆರಿಸಲಿ, ಲೆಕ್ಕ ಬರೆಯಲಿ. ಅದೂ ಕೆಲಸವೇ.

ಕಲ್ಲುಗಳ ಕತೆ

ನಮ್ಮ ಆ ಇಂಟರ್‌ಲಾಕ್ ಏನಾಯಿತು ಎಂದು ಕೇಳುತ್ತೀರಾ? ಮರುವರ್ಷ ಮೇ ತಿಂಗಳ ಎರಡನೇ ವಾರ ಹತ್ತು ಮಂದಿ ಸೇರಿ ಅದನ್ನು ಎಬ್ಬಿಸಿದರು. ನಾನೂ ಸೇರಿದೆ. ಒಂದೊಂದು ಕಲ್ಲು ಎತ್ತುವಾಗ ನನ್ನ ನಿರ್ಣಯವನ್ನೇ ಎತ್ತಿದ ಹಾಗೆ ಆಗುತ್ತಿತ್ತು. ಅಡಿಯ ಮಣ್ಣು ಕೆರೆದು ಇಳಿಜಾರು ಕೊಟ್ಟೆವು. ಅರ್ಧ ಕಲ್ಲನ್ನು ಮತ್ತೆ ಅಲ್ಲೇ ಹಾಕಿದೆವು. ಇನ್ನರ್ಧವನ್ನು ಹಾಳೆ ತೊಳೆಯುವ ತೊಟ್ಟಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಶೌಚಾಲಯಕ್ಕೆ ದಾರಿ ಮಾಡಲು ಹಾಕಿದೆವು. ಎಲ್ಲಿಗೆ ಹಾಕಬೇಕೆಂದು ಹೇಳಿದವರು ಯಾರು ಗೊತ್ತಾ? ಕೈ ಸುಟ್ಟುಕೊಂಡ ಅದೇ ಅಕ್ಕ. "ನಾವು ದಿನಾ ನಡೆಯುವುದು ಇಲ್ಲಿ" ಎಂದರು. ಆ ಮಳೆಗಾಲದಲ್ಲಿ ಶೆಡ್ಡಿನೊಳಗೆ ನೀರು ಬರಲಿಲ್ಲ. ಘಟಕ ಒಂದು ದಿನವೂ ನಿಲ್ಲಲಿಲ್ಲ.

ಬೈಬಲಿನಲ್ಲಿ ಬಂಡೆಯ ಮೇಲೆ ಮನೆ ಕಟ್ಟಿದವನ ಮತ್ತು ಮರಳಿನ ಮೇಲೆ ಕಟ್ಟಿದವನ ಸಾಮತಿ ನಿಮಗೆ ಗೊತ್ತು. ಗೊತ್ತಿಲ್ಲದ ಸಹೋದರಿಯರಿಗೂ ಅದರ ಅರ್ಥ ಕಷ್ಟ ಅಲ್ಲ. ಇಬ್ಬರ ಮನೆಗೂ ಮಳೆ ಬಂತು, ನೆರೆ ಬಂತು, ಗಾಳಿ ಬೀಸಿತು. ಒಳ್ಳೆಯವನ ಮನೆಗೆ ಮಳೆ ಬರಲಿಲ್ಲ ಎಂದು ಯೇಸುಸ್ವಾಮಿ ಹೇಳಲಿಲ್ಲ. ಮಳೆ ಎಲ್ಲರಿಗೂ ಬರುತ್ತದೆ. ಬರುವ ಮುಂಚೆ ಏನು ಮಾಡಿದ್ದೆವು ಎನ್ನುವುದರಲ್ಲಿ ವ್ಯತ್ಯಾಸ.

ಮುಂದಿನ ವಾರದ ಸಭೆಯನ್ನು ದಯವಿಟ್ಟು ಘಟಕದ ಒಳಗೆ ಮಾಡಿ. ಮೂರು ಪ್ರಶ್ನೆ ಕೇಳಿ. ಇಲ್ಲಿ ಯಾರಿಗಾದರೂ ಪೆಟ್ಟಾಗುವ ಜಾಗ ಯಾವುದು? ಯಾವುದು ಕೆಟ್ಟರೆ ನಮ್ಮ ಕೂಲಿ ನಿಲ್ಲುತ್ತದೆ? ಮಳೆ ನೀರು ಎಲ್ಲಿಗೆ ಹೋಗುತ್ತದೆ? ಮೆಷಿನಿನ ಎದುರು ನಿಲ್ಲುವವಳು ಮೊದಲು ಉತ್ತರಿಸಲಿ. ಅಧ್ಯಕ್ಷೆಯೋ, ಅನಿಮೇಟರೋ, ಸಿಸ್ಟರೋ ಅವಸರ ಮಾಡಿದರೆ, "ಸ್ವಲ್ಪ ನಿಲ್ಲಿ, ನಾವು ಕೆಲಸ ಮಾಡುವುದು ಒಳಗೆ" ಎಂದು ಹೇಳುವ ಧೈರ್ಯ ನಿಮಗೆ ಬರಲಿ. ಸ್ತ್ರೀ ಸಬಲೀಕರಣ ಎಂದು ನಾವು ವೇದಿಕೆಯಲ್ಲಿ ಹೇಳುವುದು ಇದನ್ನೇ.

ಸಂತ ಜೋಸೆಫರು ನಿಮ್ಮ ಕೈಗಳನ್ನು ಕಾಪಾಡಲಿ. ಈ ಮಳೆಗಾಲ ನಿಮ್ಮೆಲ್ಲರ ಬಾವಿ ತುಂಬಲಿ, ಶೆಡ್ಡು ಒಣಗಿರಲಿ.